ವುಡ್‌ಲ್ಯಾಂಡ್ಸ್: ಮದರಾಸಿನಲ್ಲಿ ಬೆಳೆದ ಕನ್ನಡ ಜಿಲ್ಲೆಯ ಹೋಟೆಲು

ವುಡ್‌ಲ್ಯಾಂಡ್ಸ್ ಹೋಟೆಲುಗಳ ಸ್ಥಾಪಕ ಕೆ. ಕೃಷ್ಣರಾಯರು ದಕ್ಷಿಣ ಕನ್ನಡದ ಕಡಂದಲೆಯವರು. ಬಡತನದಲ್ಲಿ ಬೆಳೆದು, ಅಡುಗೆಮನೆಯ ಚಾಕರಿಯಿಂದಲೇ ಕಸುಬು ಕಲಿತವರು. ಆಗ ದಕ್ಷಿಣ ಕನ್ನಡಕ್ಕೂ, ಬೊಮ್ಮನಹಾಳ್, ರಾಯದುರ್ಗ, ಮಡಕಶಿರಾ ಸೀಮೆಗೂ ರಾಜಧಾನಿ ಮದರಾಸೇ. ಕೋರ್ಟು, ಕಾಲೇಜು, ವ್ಯಾಪಾರವೆಂದು ಅಲ್ಲಿಗೆ ಹೋದವರಿಗೆ ಶುಚಿಯಾದ ಸಸ್ಯಾಹಾರ ಸಿಗುವ ಜಾಗ ಬೇಕಿತ್ತು. 1920ರ ದಶಕದಲ್ಲಿ ರಾಯರು ಮೊದಲು ಜಾರ್ಜ್‌ಟೌನಿನಲ್ಲಿ, ಅನಂತರ ಮೌಂಟ್ ರೋಡಿನಲ್ಲಿ ಉಪಾಹಾರ ಗೃಹ ನಡೆಸಿದರು.

ದೊಡ್ಡ ಜಿಗಿತ 1938ರದು. ರಾಯಪೇಟೆಯಲ್ಲಿದ್ದ ರಾಮನಾಡಿನ ರಾಜರ ‘ವುಡ್‌ಲ್ಯಾಂಡ್ಸ್’ ಬಂಗಲೆಯನ್ನು ಗುತ್ತಿಗೆಗೆ ಹಿಡಿದು, ವಸತಿಯೂ ಇರುವ ಹೋಟೆಲು ತೆರೆದರು. ಬಂಗಲೆಯ ಇಂಗ್ಲಿಷ್ ಹೆಸರೇ ಇಡ್ಲಿ-ದೋಸೆಯ ಹೋಟೆಲಿಗೂ ಅಂಟಿಕೊಂಡಿತು. ವಿಚಿತ್ರವೆಂದರೆ, ಮುಂದೆ ಆ ಹೆಸರು ಕೇಳಿದವರಿಗೆ ಕಾಡಿನ ಬದಲು ಮಸಾಲೆದೋಸೆಯೇ ನೆನಪಾಗತೊಡಗಿತು! ವಿಶಾಲ ಅಂಗಳ, ಅಚ್ಚುಕಟ್ಟಾದ ಕೋಣೆ, ಮಡಿಯ ಅಡುಗೆ, ಇವು ಒಂದೇ ಸೂರಿನಡಿ ಸಿಕ್ಕಿದ್ದು ಅಂದಿನ ಮಟ್ಟಿಗೆ ವೈಭೋಗವೇ. 1952ರಲ್ಲಿ ಮೈಲಾಪುರದ ಕಡೆ ನ್ಯೂ ವುಡ್‌ಲ್ಯಾಂಡ್ಸ್ ಬಂತು.

1962ರಲ್ಲಿ ಕೆಥೀಡ್ರಲ್ ರಸ್ತೆಯ ಕೃಷಿ-ತೋಟಗಾರಿಕಾ ಸಂಘದ ಜಾಗದಲ್ಲಿ ಡ್ರೈವ್-ಇನ್ ಹೋಟೆಲು ಆರಂಭವಾಯಿತು. ಕಾರಿನಲ್ಲಿ ಕುಳಿತವರ ಬಳಿಗೇ ತಟ್ಟೆ ಬರುತ್ತಿತ್ತು. ಒಂದು ಕಾಫಿಗೆ ಗಂಟೆಗಟ್ಟಲೆ ಹರಟುವವರನ್ನೂ ಯಾರೂ ಎಬ್ಬಿಸುತ್ತಿರಲಿಲ್ಲ. ರಾಯರು 1990ರಲ್ಲಿ ತೀರಿಕೊಂಡರು. ವ್ಯವಹಾರ ಕುಟುಂಬದ ಕೈಯಲ್ಲಿ ಮುಂದುವರಿಯಿತು. ಜಾಗದ ತಕರಾರಿನಲ್ಲಿ ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಅಲ್ಲೀಗ ಸೆಮ್ಮೊಳಿ ಪೂಂಗಾ ಉದ್ಯಾನವಿದೆ.