ಗುರುತಿನ ಚೀಟಿ ಮತ್ತು ಜನಮತ: ಬ್ರಿಟನ್ನಿನ ಅನುಭವ

ರಾಜ್ಯವು ಪ್ರಜೆಗಳ ಹೆಸರನ್ನು ಬರೆದಿಡುವುದು ಹೊಸ ಸಂಗತಿಯಲ್ಲ. ಆದರೆ ಪ್ರತಿಯೊಬ್ಬನೂ ಗುರುತಿನ ಚೀಟಿಯೊಂದನ್ನು ಹೊಂದಿರಬೇಕು, ಪೊಲೀಸರು ಕೇಳಿದಾಗ ಅದನ್ನು ತೋರಿಸತಕ್ಕದ್ದು ಎಂದು ಕಾನೂನು ವಿಧಿಸಿದಾಗ ಜನರು ಅದನ್ನು ಯಾವ ಕಾರಣಕ್ಕಾಗಿ ಒಪ್ಪುತ್ತಾರೆ, ಯಾವಾಗ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುತ್ತಾರೆ? ಇದನ್ನು ತಿಳಿಯಲು ಬ್ರಿಟನ್ನಿನ ಇತಿಹಾಸದಷ್ಟು ಸ್ಪಷ್ಟವಾದ ನಿದರ್ಶನ ಬೇರೆಡೆ ಸಿಕ್ಕುವುದು ಅಪರೂಪ. ಅಲ್ಲಿ ಒಂದೇ ಜನತೆ ಇಂಥ ಚೀಟಿಯನ್ನು ಒಮ್ಮೆ ಮನಃಪೂರ್ವಕವಾಗಿ ಸ್ವೀಕರಿಸಿತು. ಅನಂತರ ಅದನ್ನೇ ಹೊರೆಯೆಂದು ಬಗೆಯಿತು.

ಮೊದಲನೆಯ ಮಹಾಯುದ್ಧದ ನಡುವೆ, 1915ರಲ್ಲಿ, ಅಲ್ಲಿನ ಸರ್ಕಾರ ಇಂಥ ಒಂದು ದಾಖಲೆಯನ್ನು ಸಿದ್ಧಪಡಿಸಿತ್ತು. ಅದು ಫಲಿಸಲಿಲ್ಲ. ಚೀಟಿಯಿಂದ ನಿತ್ಯಜೀವನದಲ್ಲಿ ಯಾವ ಪ್ರಯೋಜನವೂ ಇರಲಿಲ್ಲವಾದ್ದರಿಂದ ಜನರು ಅದನ್ನು ಮರೆತರು. ಮನೆ ಬದಲಿಸಿದವರು ಹೊಸ ವಿಳಾಸವನ್ನು ತಿಳಿಸುವ ಗೋಜಿಗೆ ಹೋಗಲಿಲ್ಲ. ದಿನದಿನವೂ ಬರೆಯದ ಕಿರ್ದಿ ಪುಸ್ತಕದಂತೆ ಆ ದಾಖಲೆ ಬೇಗನೆ ನಿರುಪಯುಕ್ತವಾಯಿತು. ಈ ವೈಫಲ್ಯವನ್ನು ಚೆನ್ನಾಗಿ ಅರಿತಿದ್ದವರು ಮುಂದೆ ರಿಜಿಸ್ಟ್ರಾರ್ ಜನರಲ್ ಆದ ಸಿಲ್ವಾನಸ್ ವಿವಿಯನ್. ದಾಖಲೆಯು ಜೀವಂತವಾಗಿರಬೇಕಾದರೆ ಜನರಿಗೆ ಬಿಡಲಾಗದ ಇನ್ನೊಂದು ವಸ್ತುವಿಗೆ ಅದನ್ನು ಗಂಟುಹಾಕಬೇಕು ಎಂಬುದು ಅವರ ಯೋಜನೆ. ಆ ವಸ್ತುವೇ ಆಹಾರ.

1939ರ ಸೆಪ್ಟೆಂಬರ್ ತಿಂಗಳಲ್ಲಿ ಎರಡನೆಯ ಮಹಾಯುದ್ಧ ಆರಂಭವಾದೊಡನೆ ರಾಷ್ಟ್ರೀಯ ನೋಂದಣಿ ಕಾಯಿದೆ ಜಾರಿಗೆ ಬಂದಿತು. ಸೆಪ್ಟೆಂಬರ್ 29ರಂದು ದೇಶದ ಜನರನ್ನೆಲ್ಲ ಎಣಿಸಿ ಬರೆಯಲಾಯಿತು. ಸುಮಾರು 65,000 ಗಣತಿದಾರರು ಮನೆಮನೆಗೂ ಹೋದರು. 4 ಕೋಟಿಗೂ ಮಿಕ್ಕ ಜನರಿಗೆ, ಹಸುಗೂಸುಗಳೂ ಸೇರಿದಂತೆ, ಚೀಟಿ ದೊರೆಯಿತು. 1940ರ ಜನವರಿಯಲ್ಲಿ ಪಡಿತರ ಪದ್ಧತಿ ಆರಂಭವಾಯಿತು. ಸಕ್ಕರೆ, ಬೆಣ್ಣೆಗಳ ಪಡಿತರ ಪುಸ್ತಕಕ್ಕೆ ಈ ಚೀಟಿಯೇ ಆಧಾರವಾದ್ದರಿಂದ ವಿಳಾಸ ಬದಲಾದರೆ ಜನರು ತಾವಾಗಿಯೇ ಬಂದು ತಿಳಿಸುತ್ತಿದ್ದರು. ಸೈನ್ಯಕ್ಕೆ ಜನಬಲ, ದೇಶದ ರಕ್ಷಣೆ, ಪಡಿತರ ಎಂಬ ಮೂರೇ ಉದ್ದೇಶಗಳನ್ನು ಸರ್ಕಾರ ಹೇಳಿತ್ತು. ವೈರಿಯ ವಿಮಾನಗಳು ತಲೆಯ ಮೇಲೆ ಹಾರುತ್ತಿದ್ದಾಗ ಅವುಗಳನ್ನು ಪ್ರಶ್ನಿಸಿದವರು ವಿರಳ.

ಯುದ್ಧವು 1945ರಲ್ಲಿ ಮುಗಿಯಿತು. ಚೀಟಿ ಮಾತ್ರ ಉಳಿಯಿತು. ಮೂರು ಉದ್ದೇಶಗಳಿಗಾಗಿ ಜನರು ಒಪ್ಪಿಸಿದ್ದ ವಿವರಗಳನ್ನು 1950ರ ಹೊತ್ತಿಗೆ 39 ಸರ್ಕಾರಿ ಇಲಾಖೆ-ಸಂಸ್ಥೆಗಳು ಬಳಸುತ್ತಿದ್ದವು. ಒಬ್ಬರು ನಂಬಿ ಇಟ್ಟ ಇಡುಗಂಟನ್ನು ಅವರನ್ನು ಕೇಳದೆ ಬೇರೊಂದು ವ್ಯಾಪಾರದಲ್ಲಿ ತೊಡಗಿಸಿದಂತೆ ಇದು. ಗಂಟು ಕರಗಿರಲಿಲ್ಲ, ನಿಜ; ಆದರೂ ಇಟ್ಟವರ ಮನಸ್ಸು ಒಡೆಯುವುದಕ್ಕೆ ಅಷ್ಟೇ ಸಾಕಾಗುತ್ತದೆ.

1950ರ ಡಿಸೆಂಬರ್ 7ರಂದು ಲಂಡನ್ನಿನ ಉತ್ತರಕ್ಕಿರುವ ಫಿಂಚ್ಲಿಯಲ್ಲಿ ಕಾರು ನಡೆಸುತ್ತಿದ್ದ ಹ್ಯಾರಿ ವಿಲ್ಕಾಕ್ ಎಂಬವರನ್ನು ಪೊಲೀಸ್ ಪೇದೆಯೊಬ್ಬರು ತಡೆದು ಚೀಟಿ ತೋರಿಸುವಂತೆ ಕೇಳಿದರು. ವಿಲ್ಕಾಕ್ ಬಟ್ಟೆ ಶುಚಿಮಾಡುವ ಸಂಸ್ಥೆಯೊಂದರ ವ್ಯವಸ್ಥಾಪಕರು. ಲಿಬರಲ್ ಪಕ್ಷದಿಂದ ಪಾರ್ಲಿಮೆಂಟಿಗೆ ಸ್ಪರ್ಧಿಸಿ ಸೋತಿದ್ದವರು. ಅವರು ಚೀಟಿ ತೋರಿಸಲು ನಿರಾಕರಿಸಿದರು. ಎರಡು ದಿನಗಳೊಳಗೆ ಠಾಣೆಗೆ ತಂದು ತೋರಿಸಬಹುದೆಂಬ ಅವಕಾಶವನ್ನೂ ಬೇಡವೆಂದರು. ಕೆಳಗಿನ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ಹೇಳಿತಾದರೂ ಯಾವ ಶಿಕ್ಷೆಯನ್ನೂ ವಿಧಿಸಲಿಲ್ಲ. ಪ್ರಕರಣವು ಮೇಲಿನ ನ್ಯಾಯಾಲಯಕ್ಕೆ ಹೋಗಿ, 1951ರ ಜೂನ್ 26ರಂದು ಏಳು ಮಂದಿ ನ್ಯಾಯಾಧೀಶರ ಪೀಠ ತೀರ್ಪು ನೀಡಿತು. ಯುದ್ಧಕಾಲದ ಕಾಯಿದೆ ವಿಧಿವತ್ತಾಗಿ ಕೊನೆಗೊಂಡಿಲ್ಲ, ಆದ್ದರಿಂದ ಅದು ಇನ್ನೂ ಊರ್ಜಿತದಲ್ಲಿದೆ ಎಂದು ಪೀಠ ನಿರ್ಣಯಿಸಿತು. ಹೀಗೆ ವಿಲ್ಕಾಕ್ ಸೋತರು. ಆದರೆ ಮುಖ್ಯ ನ್ಯಾಯಾಧೀಶ ಲಾರ್ಡ್ ಗಾಡರ್ಡ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ರಕ್ಷಣೆಗಾಗಿ ಮಾಡಿದ ಕಾಯಿದೆಯನ್ನು ಪೊಲೀಸರು ಸಣ್ಣಪುಟ್ಟ ಕಾರಣಕ್ಕೂ ವಾಡಿಕೆಯಂತೆ ಬಳಸುವುದು ಸರಿಯಲ್ಲ. ಕಾನೂನಿಗೆ ತಲೆಬಾಗುವ ಜನರನ್ನೇ ಇದು ತಪ್ಪಿತಸ್ಥರನ್ನಾಗಿ ಮಾಡುತ್ತದೆ. ಪೊಲೀಸರಿಗೆ ನೆರವಾಗಬೇಕಾದವರಲ್ಲಿ ಅಸಮಾಧಾನವನ್ನು ಬೆಳೆಸುತ್ತದೆ ಎಂದರು. ಗಾಡರ್ಡ್ ಕಠಿಣ ಶಿಕ್ಷೆಗೆ ಹೆಸರಾದ ನ್ಯಾಯಾಧೀಶರು. ಅಂಥವರ ಬಾಯಿಂದ ಬಂದುದರಿಂದಲೇ ಆ ಮಾತಿಗೆ ತೂಕ ಹೆಚ್ಚಿತು. ಅದೇ ವರ್ಷ ಅಧಿಕಾರಕ್ಕೆ ಬಂದ ಚರ್ಚಿಲ್ ಸರ್ಕಾರ 1952ರ ಫೆಬ್ರವರಿ 21ರಂದು ಚೀಟಿಯ ಕಡ್ಡಾಯವನ್ನು ರದ್ದುಪಡಿಸಿತು. ಚೀಟಿ ಹೋದರೂ ಅದರ ಮೇಲಿನ ಸಂಖ್ಯೆ ಮಾತ್ರ ರಾಷ್ಟ್ರೀಯ ಆರೋಗ್ಯ ಸೇವೆಯ ಸಂಖ್ಯೆಯಾಗಿ ದಶಕಗಳ ಕಾಲ ಮುಂದುವರಿಯಿತು. ಅದಕ್ಕೆ ಯಾರೂ ಆಕ್ಷೇಪವೆತ್ತಲಿಲ್ಲ.

ಉದ್ದೇಶದ ಎಲ್ಲೆಯ ಇದೇ ಪ್ರಶ್ನೆ ಭಾರತದಲ್ಲಿಯೂ ಎದ್ದಿತು. ಆಧಾರ್ ವಿರುದ್ಧ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2018ರ ತೀರ್ಪು ಆಧಾರ್ ವ್ಯವಸ್ಥೆಯನ್ನು ಎತ್ತಿಹಿಡಿಯಿತಾದರೂ, ಖಾಸಗಿ ಕಂಪೆನಿಗಳ ಬಳಕೆಗೆ ದಾರಿಮಾಡಿದ್ದ 57ನೆಯ ಕಲಮಿನ ಭಾಗವನ್ನು ಅನೂರ್ಜಿತಗೊಳಿಸಿತು.

ಬ್ರಿಟನ್ನಿನಲ್ಲಿ ಚೀಟಿಯ ವಿಚಾರ 2002ರಲ್ಲಿ ಮತ್ತೆ ತಲೆಯೆತ್ತಿತು. ಮೊದಲು ಅದನ್ನು ಸರ್ಕಾರಿ ಸೌಲಭ್ಯಗಳ ಹಕ್ಕಿನ ಚೀಟಿ ಎಂದರು. ಆಮೇಲೆ ಭಯೋತ್ಪಾದನೆಗೆ ಮದ್ದು ಎಂದರು. ಅಕ್ರಮ ವಲಸೆಗೂ ವಂಚನೆಗೂ ತಡೆ ಎಂದರು. 2004ರ ಸಮೀಕ್ಷೆಯಲ್ಲಿ ಹತ್ತರಲ್ಲಿ ಎಂಟು ಮಂದಿ ಪರವಾಗಿದ್ದರು. ಖರ್ಚಿನ ಲೆಕ್ಕ ಹೊರಬೀಳುತ್ತ ಬಂದಂತೆ ಈ ಬೆಂಬಲ ಇಳಿಯಿತು. 2006ರಲ್ಲಿ ಕಾಯಿದೆಯೇನೋ ಆಯಿತು. ಮರುವರ್ಷ ತೆರಿಗೆ ಇಲಾಖೆಯು ಸುಮಾರು 2.5 ಕೋಟಿ ಜನರ ವಿವರಗಳಿದ್ದ ಎರಡು ಡಿಸ್ಕುಗಳನ್ನು ಸಾಗಣೆಯಲ್ಲಿ ಕಳೆದುಕೊಂಡಿತು. ಇದ್ದುದನ್ನೇ ಕಾಯಲಾಗದವರಿಗೆ ಹೊಸದನ್ನು ಒಪ್ಪಿಸುವುದು ಹೇಗೆಂದು ಜನ ಕೇಳಿದರು. 2010ರಲ್ಲಿ ಹೊಸ ಸರ್ಕಾರ ಆ ಕಾಯಿದೆಯನ್ನು ರದ್ದುಮಾಡಿ, ಸಂಗ್ರಹಿಸಿದ್ದ ದಾಖಲೆಗಳನ್ನು 2011ರ ಫೆಬ್ರವರಿಯಲ್ಲಿ ನಾಶಪಡಿಸಿತು. ತಲಾ 30 ಪೌಂಡು ತೆತ್ತು ಚೀಟಿ ಪಡೆದಿದ್ದವರಿಗೆ ಹಣ ಹಿಂದಿರುಗಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ಮೊಬೈಲ್ ಫೋನಿನಲ್ಲಿರುವ ಗುರುತಿನ ವ್ಯವಸ್ಥೆಯನ್ನು ಘೋಷಿಸಿದಾಗ, ಕೆಲವೇ ದಿನಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಜನರು ವಿರೋಧದ ಮನವಿಗೆ ಸಹಿ ಹಾಕಿದರು. ಈ ಬಾರಿ ಹೇಳಿದ ಉದ್ದೇಶ, ಅನುಮತಿಯಿಲ್ಲದವರು ಕೆಲಸಕ್ಕೆ ಸೇರುವುದನ್ನು ತಡೆಯುವುದು.