ಅದಿರಿನ ಹಣ, ಬಡವರ ಆರೋಗ್ಯ: ಸಂಡೂರು–ಹೊಸಪೇಟೆ ಸೀಮೆಯ ಸಾರ್ವಜನಿಕ ವೆಚ್ಚದ ಪರಿಶೀಲನೆ

ಸರ್ಕಾರ ಆರೋಗ್ಯಕ್ಕೆ ಹೆಚ್ಚು ಖರ್ಚು ಮಾಡಿದರೆ ಬಡವರ ಸಾವು ಕಡಿಮೆಯಾಗುತ್ತದೆಯೇ? ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಡಿಯಾನ್ ಫಿಲ್ಮರ್ ಮತ್ತು ಲ್ಯಾಂಟ್ ಪ್ರಿಚೆಟ್ 1999ರಲ್ಲಿ ಹಲವು ದೇಶಗಳನ್ನು ಹೋಲಿಸಿ, ಮಕ್ಕಳ ಮರಣದಲ್ಲಿನ ವ್ಯತ್ಯಾಸಕ್ಕೆ ಆದಾಯ, ಅಸಮಾನತೆ, ಹೆಣ್ಣುಮಕ್ಕಳ ಶಿಕ್ಷಣಗಳೇ ಮುಖ್ಯ ಕಾರಣ, ಸರ್ಕಾರಿ ವೆಚ್ಚದ ಪಾಲು ತೀರ ಅಲ್ಪ ಎಂದರು. ಸಂಜೀವ್ ಗುಪ್ತ ಮತ್ತು ಸಂಗಡಿಗರು 2003ರಲ್ಲಿ ಬಡವರ ಅಂಕಿಗಳನ್ನೇ ಪ್ರತ್ಯೇಕಿಸಿ ನೋಡಿದಾಗ ಬೇರೆ ಚಿತ್ರ ಕಂಡಿತು: ಸರ್ಕಾರಿ ವೆಚ್ಚದ ಏರಿಳಿತ ಉಳ್ಳವರಿಗಿಂತ ಬಡವರನ್ನೇ ಹೆಚ್ಚು ತಟ್ಟುತ್ತದೆ. ಉಳ್ಳವರಿಗೆ ಖಾಸಗಿ ಆಸ್ಪತ್ರೆಯ ದಾರಿಯಿದೆ, ಇಲ್ಲದವರಿಗೆ ಸರ್ಕಾರಿ ಆಸ್ಪತ್ರೆಯೊಂದೇ ಗತಿ. ಸರಾಸರಿಯಲ್ಲಿ ಈ ಭೇದ ಮುಳುಗಿಹೋಗುತ್ತದೆ.

ಇದಕ್ಕೆ ನಮ್ಮ ನಾಡಿನಲ್ಲೇ ಗಟ್ಟಿ ಸಾಕ್ಷ್ಯವಿದೆ. ಬಳ್ಳಾರಿಯೂ ಸೇರಿದ್ದ ಅಂದಿನ ಗುಲ್ಬರ್ಗ ವಿಭಾಗದಲ್ಲಿ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಜಾರಿಗೆ ಬಂತು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತವಾಯಿತು. ಯೋಜನೆಯ ಗಡಿಯ ಒಳಗಿನ ಮತ್ತು ಹೊರಗಿನ ಒಟ್ಟು 572 ಹಳ್ಳಿಗಳನ್ನು ನೀರಜ್ ಸೂದ್ ಮತ್ತು ಸಹಲೇಖಕರು ಹೋಲಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಮರಣ ಹೊರಗಿನ ಬಡ ಕುಟುಂಬಗಳಲ್ಲಿ ಶೇ 0.90, ಒಳಗಿನವುಗಳಲ್ಲಿ ಶೇ 0.32. ಆಸ್ಪತ್ರೆಗೆ ಕೈಯಿಂದ ಕಟ್ಟುವ ಹಣ ಮೂರನೇ ಒಂದರಷ್ಟು ಇಳಿದಿತ್ತು. ಹಣದಿಂದ ಏನೂ ಆಗದು ಎನ್ನುವವರು ಈ ಎರಡು ಅಂಕಿಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಹಾಗಾದರೆ ಗಣಿಯ ಹಣ ಧಾರಾಳವಾಗಿರುವ ಬಳ್ಳಾರಿಯ ಸಂಡೂರು ಸೀಮೆಯಲ್ಲಿ ಆರೋಗ್ಯವೂ ಹಾಗೇ ಇರಬೇಕಿತ್ತು. ಅಕ್ರಮ ಗಣಿಗಾರಿಕೆಯಿಂದಾಗಿ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು; 2013ರ ತೀರ್ಪಿನ ಬಳಿಕ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಅದಿರು ಮಾರಾಟದ ಒಂದು ಪಾಲು ಬೇರೆಯಾಗಿ ಜಮೆಯಾಗತೊಡಗಿತು. ಅದರ ಯೋಜನೆಗೆ 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಒಪ್ಪಿಗೆ ಕೊಟ್ಟಾಗ ಗಣಿ ಜಿಲ್ಲೆಗಳಿಗೆ ಸೇರಿ ಗಾತ್ರ ಸುಮಾರು 25,000 ಕೋಟಿ ರೂಪಾಯಿ. ಇದಲ್ಲದೆ 2015ರ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಹಳೆಯ ಗುತ್ತಿಗೆಗಳು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಪಡೆದವು ಶೇ 10ರಷ್ಟನ್ನು ಇದಕ್ಕೆ ಕಟ್ಟಬೇಕು. ಜನರ ಬಾಯಲ್ಲಿ ಇದು ಡಿಎಂಎಫ್ ದುಡ್ಡು.

ಈ ದುಡ್ಡಿನ ಸ್ವಭಾವವೇ ತೊಡಕು ಎಂಬುದು ನನ್ನ ವಾದ. ಗಣಿ ಹಣ ಕಾಮಗಾರಿಯ ರೂಪದಲ್ಲಿ ಬರುತ್ತದೆ: ಅಂದಾಜು ಪಟ್ಟಿ, ಟೆಂಡರ್, ಕಟ್ಟಡ, ಉದ್ಘಾಟನೆ. ಬಡವರ ಆರೋಗ್ಯ ನಿಂತಿರುವುದು ತಿಂಗಳು ತಿಂಗಳೂ ತಪ್ಪದೆ ಬರಬೇಕಾದ ಹಣದ ಮೇಲೆ: ಸ್ಟಾಫ್ ನರ್ಸ್ ಸಂಬಳ, ಲ್ಯಾಬ್ ಟೆಕ್ನಿಷಿಯನ್, ಕಬ್ಬಿಣಾಂಶದ ಮಾತ್ರೆ, ಔಷಧಿಯ ಗುಣಮಟ್ಟ ಪರೀಕ್ಷೆ, ಆಶಾ ಕಾರ್ಯಕರ್ತೆಯ ಗೌರವಧನ. ಕಬ್ಬಿಣದ ಅದಿರಿಗೆ ಹೆಸರಾದ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆಯಿದೆ ಎನ್ನುತ್ತದೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ನಿಯಮ ಅಡ್ಡಿಯಾಗಿದೆ ಎನ್ನುವಂತಿಲ್ಲ. ಆರೋಗ್ಯಕ್ಕೆ ಖನಿಜ ನಿಧಿ ಬಳಸುವಾಗ ಕಟ್ಟಡಕ್ಕಷ್ಟೇ ಒತ್ತು ಬೇಡ, ಸಿಬ್ಬಂದಿ, ಉಪಕರಣ, ಸಾಮಗ್ರಿಗೂ ಒದಗಿಸಿ ಎಂದು ಕೇಂದ್ರದ 2015ರ ಮಾರ್ಗಸೂಚಿಯೇ ಹೇಳಿದೆ.

ನಿತ್ಯದ ವೆಚ್ಚದ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೆ ಏನಾಗುತ್ತದೆಂದು 2024ರ ನವೆಂಬರ್ ತೋರಿಸಿತು. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಅನುಮಾನ ಬಂದದ್ದು ನರಕ್ಕೆ ಏರಿಸಿದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಗುಣಮಟ್ಟದ ಆಕ್ಷೇಪದಿಂದ ಮೊದಲೇ ತಡೆಹಿಡಿಯಲಾಗಿದ್ದ ಆ ಪೂರೈಕೆದಾರರ ದ್ರಾವಣ, ಕೇಂದ್ರದ ಪ್ರಯೋಗಾಲಯದ ವರದಿಯ ನಂತರ ಮತ್ತೆ ಬಳಕೆಗೆ ಬಂದಿತ್ತು. ರಾಜ್ಯದ ಔಷಧ ನಿಯಂತ್ರಕರ ಅಮಾನತಾಯಿತು. ಲಕ್ಷ ಜೀವಂತ ಜನನಕ್ಕೆ 213ರಷ್ಟಿದ್ದ (2004–06) ತಾಯಿ ಮರಣವನ್ನು 69ಕ್ಕೆ (2018–20) ಇಳಿಸಿದ ರಾಜ್ಯವಿದು. ಮನೆಯ ಹೆರಿಗೆ ಬಿಟ್ಟು ಆಸ್ಪತ್ರೆಗೆ ಬನ್ನಿ ಎಂದು ಬಡ ಹೆಣ್ಣುಮಕ್ಕಳನ್ನು ವರ್ಷಗಟ್ಟಲೆ ಒಲಿಸಿದ್ದು ಆ ಇಳಿಕೆಗೆ ಒಂದು ಮುಖ್ಯ ಕಾರಣ. ನಂಬಿ ಬಂದವರು ಆಸ್ಪತ್ರೆಯಲ್ಲೇ ಸತ್ತದ್ದನ್ನು ಐದು ಎಂಬ ಸಂಖ್ಯೆಯಲ್ಲಿ ಅಳೆಯಲಾಗದು.

ಆಡಳಿತದ ಗಡಿಯೂ ಈ ಲೆಕ್ಕದಲ್ಲಿ ಸೇರಬೇಕು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಖನಿಜ ಪ್ರತಿಷ್ಠಾನ ಜಿಲ್ಲೆಗೊಂದು, ಧೂಳು ಮಾತ್ರ ಗಡಿ ನೋಡಿ ನಿಲ್ಲುವುದಿಲ್ಲ. ಗಣಿಯಿಂದ 15 ಕಿ.ಮೀ.ವರೆಗೆ ನೇರ ಬಾಧಿತ, 25 ಕಿ.ಮೀ.ವರೆಗೆ ಪರೋಕ್ಷ ಬಾಧಿತ ಎಂದು 2024ರ ಮಾರ್ಗಸೂಚಿ ಗುರುತಿಸಿದ್ದು ಸರಿಯಾದ ಹೆಜ್ಜೆ. ಹಂಪಿಯಲ್ಲಿ ಪ್ರವಾಸಿಗಳನ್ನೇ ನಂಬಿದ ಸಣ್ಣ ವ್ಯಾಪಾರಿ, ಕಂಪ್ಲಿಯ ಭತ್ತದ ಗದ್ದೆಯ ಕೂಲಿ: ಇವರ ಕಾಯಿಲೆಗೆ ಗಣಿ ಕಾರಣವಲ್ಲದಿರಬಹುದು, ಆದರೆ ದೊಡ್ಡ ಶಸ್ತ್ರಚಿಕಿತ್ಸೆಗೆ ಅವರೂ ಅದೇ ಬಳ್ಳಾರಿಯ ಬಸ್ಸು ಹತ್ತುತ್ತಾರೆ. 2018ರಿಂದ ಇರುವ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ವೆಚ್ಚ ಭರಿಸುತ್ತದೆ. ಬಸ್ ಚಾರ್ಜು, ತಪ್ಪಿದ ಕೂಲಿ, ಜೊತೆಗೆ ಬಂದವರ ಊಟ ಅದರಲ್ಲಿಲ್ಲ.

ಆರೋಗ್ಯಶ್ರೀ ಗಡಿಯ ಎರಡೂ ಬದಿಯನ್ನು ಹೋಲಿಸಿದ ಸೂದ್ ಅವರ ಅಧ್ಯಯನದ ಮಾದರಿಯನ್ನು ಇಲ್ಲಿಯೇ ಬಳಸಬಹುದು. ಸಂಡೂರು, ಕಂಪ್ಲಿ ಒಂದೇ ಜಿಲ್ಲೆಯವು. ಒಂದರಲ್ಲಿ ಗಣಿಯಿದೆ, ಇನ್ನೊಂದು ಗಣಿಯಿಂದ ದೂರ. 2015ರ ಹಿಂದಿನ ಮತ್ತು ಮುಂದಿನ ವರ್ಷಗಳಲ್ಲಿ ಎರಡೂ ಕಡೆಯ ತಾಯಿ ಕಾರ್ಡುಗಳ ಹಿಮೋಗ್ಲೋಬಿನ್ ಅಂಕಿ, ಹುಟ್ಟಿದ ಮಗುವಿನ ತೂಕ, ತಾಯಿ ಮರಣದ ಪರಾಮರ್ಶೆ ವರದಿಗಳನ್ನು ಒಂದು ಕಡೆ ಇಡಬೇಕು. ಪಕ್ಕದಲ್ಲಿ ಖನಿಜ ನಿಧಿಯ ವೆಚ್ಚವನ್ನು ಕಟ್ಟಡ, ಸಿಬ್ಬಂದಿ, ಔಷಧಿ ಎಂದು ಮೂರು ಕಂಬಸಾಲಿನಲ್ಲಿ ಬರೆಯಬೇಕು. ತಾಲೂಕುವಾರು ಈ ಲೆಕ್ಕವನ್ನು ಎರಡೂ ಜಿಲ್ಲೆಯ ಪ್ರತಿಷ್ಠಾನಗಳು ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟಿಸಿ, ಗ್ರಾಮಸಭೆಯಲ್ಲಿ ಓದಿ ಹೇಳಬೇಕು.