ಎಣ್ಣೆಯೊಳಗಿನ ಗುಂಪುಗಳಿಗೆ ಹೆಸರು ಬಂದ ಬಗೆ

ಕಂದಿಕೆರೆ, ಹುಳಿಯಾರು ಕಡೆಯ ಮನೆಗಳಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೋದ ಮೇಲೆ ಅದರ ಗುಣವನ್ನು ಕಣ್ಣು, ಮೂಗು, ನಾಲಿಗೆಗಳೇ ತೀರ್ಮಾನಿಸುತ್ತವೆ. ಮೂಗು ನಾಲಿಗೆಗಳು ಹಿಡಿಯುವುದು ಮುಖ್ಯವಾಗಿ ಮೂರು ಸಂಗತಿ. ಒಳ್ಳೆಯ ಕೊಬ್ಬರಿಯ ಸಿಹಿ ಪರಿಮಳ ಡೆಲ್ಟಾ-ಲ್ಯಾಕ್ಟೋನ್‌ಗಳದು. ಲ್ಯಾಕ್ಟೋನ್ ಎಂದರೆ ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಹಾವಿನಂತೆ ಉಂಗುರವಾದ ಎಸ್ಟರ್. ಹಳತಾದ ಕೊಬ್ಬರಿಯ ಸೋಪಿನಂಥ ರುಚಿ ಕೊಬ್ಬಿನಿಂದ ಕಳಚಿಕೊಂಡ ಲಾರಿಕ್ ಆಮ್ಲದ್ದು. ಮಳೆಗಾಲದಲ್ಲಿ ಬೂಷ್ಟು ಹಿಡಿದಾಗ ಬರುವ ಕಮಟಿನಲ್ಲಿ ಕೀಟೋನ್‌ಗಳ ಪಾಲು ದೊಡ್ಡದು. ಶಿಲೀಂಧ್ರವು ಲಾರಿಕ್ ಆಮ್ಲದ ಹನ್ನೆರಡು ಕಾರ್ಬನ್‌ಗಳಲ್ಲಿ ಒಂದನ್ನು ಕಾರ್ಬನ್ ಡೈಆಕ್ಸೈಡ್ ರೂಪದಲ್ಲಿ ಕಳೆದು, ಹನ್ನೊಂದು ಕಾರ್ಬನ್ನಿನ 2-ಅಂಡೆಕನೋನ್ ಉಳಿಸುತ್ತದೆ. ಉದ್ದನೆಯ ಸರಪಳಿ ಹೆಚ್ಚುಕಡಿಮೆ ಹಾಗೇ ಇದೆ. ಬದಲಾಗಿದ್ದು ತುದಿಯ ಎರಡು ಮೂರು ಪರಮಾಣುಗಳ ಜೋಡಣೆ. ಅದನ್ನೇ ನಮ್ಮ ಪಠ್ಯಪುಸ್ತಕಗಳು ಕ್ರಿಯಾಗುಂಪು ಎನ್ನುತ್ತವೆ.

ಪಿಯುಸಿ ವಿದ್ಯಾರ್ಥಿಗೆ ಈ ಗುಂಪುಗಳು ಒಂದು ಕೋಷ್ಟಕವಾಗಿ ಸಿಗುತ್ತವೆ: ಎಡಕ್ಕೆ ಚಿಹ್ನೆ, ಬಲಕ್ಕೆ ಹೆಸರು. ಮೊದಲು ರಚನೆ ಗೊತ್ತಾಗಿ ಆಮೇಲೆ ಹೆಸರು ಬಂದಿರಬೇಕು ಎಂದು ಅನಿಸುವುದು ಅದರಿಂದಲೇ. ನಡೆದದ್ದು ತಿರುಗುಮುರುಗು. ಆಮ್ಲ, ಆಲ್ಡಿಹೈಡ್, ಕೀಟೋನ್, ಎಸ್ಟರ್ ಎಂಬ ಹೆಸರುಗಳು ಚಲಾವಣೆಗೆ ಬಂದಾಗ ಅಣುವಿನ ರಚನೆಯನ್ನು ಬರೆಯುವ ವಿಧಾನವೇ ಇರಲಿಲ್ಲ.

ಕೊಬ್ಬಿನ ಕಥೆ ಫ್ರಾನ್ಸಿನ ಮಿಶೆಲ್ ಶೆವ್ರಲ್‌ನಿಂದ ಶುರುವಾಗುತ್ತದೆ. ಸೋಪು ಕಾಯಿಸುವಾಗ ಕೊಬ್ಬು ಗ್ಲಿಸರಿನ್ ಮತ್ತು ಆಮ್ಲಗಳಾಗಿ ಒಡೆಯುತ್ತದೆ ಎಂದು ತೋರಿಸಿ, 1823ರಲ್ಲಿ ಆತ ಪ್ರಾಣಿಜನ್ಯ ಕೊಬ್ಬುಗಳ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದ. ಬೆಣ್ಣೆಯಲ್ಲಿ ಸಿಕ್ಕ ಎರಡು ಆಮ್ಲಗಳಿಗೆ ಮೇಕೆಯ ಲ್ಯಾಟಿನ್ ಹೆಸರು ಹಿಡಿದು ಕ್ಯಾಪ್ರೊಯಿಕ್, ಕ್ಯಾಪ್ರಿಕ್ ಎಂದ. ಅವೆರಡೂ ನಮ್ಮ ಕೊಬ್ಬರಿ ಎಣ್ಣೆಯಲ್ಲಿವೆ. ಎಣ್ಣೆಯ ಅರ್ಧದಷ್ಟಿರುವ ಲಾರಿಕ್ ಆಮ್ಲಕ್ಕೆ ಹೆಸರು ಬಂದದ್ದು ತೆಂಗಿನಿಂದಲ್ಲ, ಯುರೋಪಿನ ಲಾರೆಲ್ ಮರದಿಂದ. ಸಿಕ್ಕ ಮೂಲವೇ ಹೆಸರಾಗುತ್ತಿದ್ದ ಕಾಲ ಅದು.

ಗುಂಪು ಎಂಬ ಕಲ್ಪನೆ ಗಟ್ಟಿಯಾದದ್ದು 1832ರಲ್ಲಿ. ಲೀಬಿಗ್ ಮತ್ತು ವೋಲರ್ ಕಹಿಬಾದಾಮಿ ಎಣ್ಣೆಯನ್ನು ಒಂದರ ಹಿಂದೊಂದು ಕ್ರಿಯೆಗೆ ಒಡ್ಡಿದರು. ಆಮ್ಲವಾಯಿತು, ಕ್ಲೋರೈಡ್ ಆಯಿತು, ಅಮೈಡ್ ಆಯಿತು. ಎಲ್ಲದರಲ್ಲೂ ಏಳು ಕಾರ್ಬನ್, ಐದು ಹೈಡ್ರೋಜನ್, ಒಂದು ಆಕ್ಸಿಜನ್‌ನ ಕಟ್ಟೊಂದು ಬಿಚ್ಚದೆ ಉಳಿಯಿತು. ಅದನ್ನು ಬೆಂಜಾಯಿಲ್ ಎಂದರು. ಏಳು ವರ್ಷದ ಮೇಲೆ ಡ್ಯೂಮಾ ಅಸಿಟಿಕ್ ಆಮ್ಲದ ಮೂರು ಹೈಡ್ರೋಜನ್ ತೆಗೆದು ಕ್ಲೋರಿನ್ ಕೂರಿಸಿದರೂ ಅದು ಆಮ್ಲವಾಗಿಯೇ ಉಳಿಯಿತು. ಹಾಗಾದರೆ ಹುಳಿ ಇರುವುದು ಅಣುವಿನ ಇನ್ನೊಂದು ಭಾಗದಲ್ಲಿ. ನನ್ನ ಲೆಕ್ಕದಲ್ಲಿ ಈ ಪ್ರಯೋಗಕ್ಕೆ ಬೆಂಜಾಯಿಲ್‌ಗಿಂತಲೂ ಹೆಚ್ಚಿನ ಮಾನ ಸಲ್ಲಬೇಕು. ಆಲ್ಡಿಹೈಡ್ ಎಂಬ ಹೆಸರನ್ನು 1835ರಲ್ಲಿ ಲೀಬಿಗ್, ಕೀಟೋನ್ ಮತ್ತು ಎಸ್ಟರ್ ಎಂಬುವನ್ನು 1848ರ ಸುಮಾರಿಗೆ ಗ್ಮೆಲಿನ್ ಇಟ್ಟರು. ಕಾರ್ಬನ್‌ಗೆ ನಾಲ್ಕು ಬಂಧ, ಕಾರ್ಬನ್ ಕಾರ್ಬನ್‌ಗೇ ಕೂಡಿ ಸರಪಳಿ ಎಂದು ಕೆಕುಲೆ ಮತ್ತು ಕೂಪರ್ ಹೇಳಲು 1858 ಬರಬೇಕಾಯಿತು.

ಆಮೇಲಿನ ಐವತ್ತು ವರ್ಷ ಸಿದ್ಧಾಂತಕ್ಕಿಂತ ಕಲಬೆರಕೆಯ ಭಯವೇ ಈ ವಿದ್ಯೆಯನ್ನು ಮುಂದಕ್ಕೆ ತಳ್ಳಿತು. ಇದನ್ನು ರಸಾಯನಶಾಸ್ತ್ರದ ಚರಿತ್ರೆಗಳು ಅಷ್ಟಾಗಿ ಒಪ್ಪಿಕೊಳ್ಳುವುದಿಲ್ಲ. 1879ರಲ್ಲಿ ಕೋಟ್‌ಸ್ಟಾರ್ಫರ್ ಬೆಣ್ಣೆಯ ಶುದ್ಧತೆ ನೋಡಲು ಒಂದು ಗ್ರಾಂ ಕೊಬ್ಬನ್ನು ಪೂರ್ತಿ ಸೋಪು ಮಾಡಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕೆಂದು ಅಳೆದ. ಇದು ಎಸ್ಟರ್ ಗುಂಪುಗಳ ಎಣಿಕೆಯಲ್ಲದೆ ಬೇರೇನಲ್ಲ. ಕಡಲೆಕಾಯಿ ಎಣ್ಣೆಗೆ ಈ ಸಂಖ್ಯೆ 190ರ ಆಸುಪಾಸು, ಕೊಬ್ಬರಿ ಎಣ್ಣೆಗೆ 250ಕ್ಕಿಂತ ಮೇಲೆ. ಕೊಬ್ಬರಿಯ ಆಮ್ಲಗಳ ಸರಪಳಿ ಗಿಡ್ಡ, ಹಾಗಾಗಿ ಒಂದು ಗ್ರಾಂನಲ್ಲಿ ಎಸ್ಟರ್‌ಗಳ ಸಂಖ್ಯೆ ಹೆಚ್ಚು. 1884ರಲ್ಲಿ ಹ್ಯೂಬ್ಲ್, 1898ರಲ್ಲಿ ವೈಸ್ ಅಯೋಡಿನ್ ಹೀರುವ ಪ್ರಮಾಣದಿಂದ ಜೋಡಿಬಂಧಗಳನ್ನು ಎಣಿಸಿದರು. ಕೊಬ್ಬರಿ ಎಣ್ಣೆಗೆ ಅದು 7.5ರಿಂದ 10, ಕಡಲೆಕಾಯಿ ಎಣ್ಣೆಗೆ 85ಕ್ಕೂ ಮೇಲೆ. ಜೋಡಿಬಂಧ ಇಷ್ಟು ಕಡಿಮೆ ಇರುವುದರಿಂದಲೇ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಗಡ್ಡೆ ಕಟ್ಟುವುದು. 1904ರಲ್ಲಿ ಜರ್ಮನಿಯ ಪೊಲೆನ್‌ಸ್ಕೆ ಬೆಣ್ಣೆಗೆ ಸೇರಿಸಿದ ಕೊಬ್ಬರಿ ಎಣ್ಣೆಯನ್ನು ಹಿಡಿಯಲೆಂದೇ ಒಂದು ಪರೀಕ್ಷೆ ಹುಡುಕಿದ: ಹಬೆಯೊಂದಿಗೆ ಏಳುವ, ಆದರೆ ನೀರಿನಲ್ಲಿ ಕರಗದ ಆಮ್ಲಗಳನ್ನು ಅಳೆಯುವುದು. ಆಗ ಕೊಬ್ಬರಿ ಎಣ್ಣೆ ಅಪರಾಧಿ. ಇಂದು ಭಾರತದ ಆಹಾರ ನಿಯಮದಲ್ಲಿ ಅದೇ ಪೊಲೆನ್‌ಸ್ಕೆ ಸಂಖ್ಯೆ 13ಕ್ಕೆ ಕಡಿಮೆಯಾಗಬಾರದು ಎಂಬುದು ಕೊಬ್ಬರಿ ಎಣ್ಣೆಯ ಶುದ್ಧತೆಗೇ ಜಾಮೀನು.

ಇತ್ತ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹೆಸರುಗಳ ಗೊಂದಲ ಮಿತಿಮೀರಿತ್ತು. 1892ರಲ್ಲಿ ಜಿನೀವಾದಲ್ಲಿ ಫ್ರೀಡೆಲ್ ಅಧ್ಯಕ್ಷತೆಯಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಸೇರಿ, ಸರಪಳಿಯ ಕಾರ್ಬನ್ ಎಣಿಸಿ ಬುಡದ ಹೆಸರು, ಗುಂಪಿಗೊಂದು ಬಾಲ ಎಂಬ ಪದ್ಧತಿ ತಂದರು: ಆಲ್ಕೊಹಾಲ್‌ಗೆ ‘ಆಲ್’, ಕೀಟೋನ್‌ಗೆ ‘ಓನ್’. ಹೀಗೆ ಲಾರಿಕ್ ಆಮ್ಲ ಡೋಡೆಕನೋಯಿಕ್ ಆಮ್ಲವಾಯಿತು. ಒಂದೇ ಅಣುವಿನಲ್ಲಿ ಎರಡು ಮೂರು ಗುಂಪುಗಳಿದ್ದರೆ ಆ ಪದ್ಧತಿ ತಡವರಿಸುತ್ತಿತ್ತು. 1919ರಲ್ಲಿ ಐಯುಪಿಎಸಿ ಹುಟ್ಟಿ, 1930ರಲ್ಲಿ ಲೀಜ್ ನಗರದ ನಿಯಮಗಳು ಬಂದ ಮೇಲೆ ಹಿರಿಯ ಗುಂಪಿಗಷ್ಟೇ ಬಾಲ, ಕಿರಿಯವು ಹೆಸರಿನ ಮುಂದೆ ಎಂಬ ವ್ಯವಸ್ಥೆ ನೆಲೆಗೊಂಡಿತು. ಹರಳೆಣ್ಣೆಯ ರಿಸಿನೋಲಿಯಿಕ್ ಆಮ್ಲ ಇದಕ್ಕೆ ಒಳ್ಳೆಯ ಉದಾಹರಣೆ. 12-ಹೈಡ್ರಾಕ್ಸಿಆಕ್ಟಾಡೆಕ್-9-ಈನೋಯಿಕ್ ಆಮ್ಲ ಎಂದರೆ ಹದಿನೆಂಟು ಕಾರ್ಬನ್, ಒಂಬತ್ತರಲ್ಲಿ ಜೋಡಿಬಂಧ, ಹನ್ನೆರಡರಲ್ಲಿ ಹೈಡ್ರಾಕ್ಸಿಲ್, ತುದಿಯಲ್ಲಿ ಆಮ್ಲ. ಹೆಸರು ಬಾಯಿಗೆ ಒಗ್ಗದು, ಆದರೆ ಅದನ್ನು ಓದಿದವನು ಅಣುವನ್ನು ಬರೆದು ತೋರಿಸಬಲ್ಲ. ಎಣ್ಣೆ ವ್ಯಾಪಾರದಲ್ಲಿ ಮಾತ್ರ ಲಾರಿಕ್ ಇನ್ನೂ ಲಾರಿಕ್ಕೇ.

ಕರ್ನಾಟಕದ ಪಾಲು ಇಲ್ಲಿ ಸಣ್ಣದಲ್ಲ. ಮೀಥೈಲ್ ಮೆಗ್ನೀಸಿಯಂ ಅಯೋಡೈಡ್ ಜೊತೆ ಹೈಡ್ರಾಕ್ಸಿಲ್ ಗುಂಪು ವರ್ತಿಸಿದಾಗ ಮೀಥೇನ್ ಹೊರಬರುತ್ತದೆ. ಆ ಅನಿಲವನ್ನು ಅಳೆದು ಗುಂಪುಗಳನ್ನು ಎಣಿಸುವ ವಿಧಾನವನ್ನು 1904ರಲ್ಲಿ ಹಿಬರ್ಟ್ ಜೊತೆ ಪ್ರಕಟಿಸಿದವನು ಜೆ. ಜೆ. ಸಡ್‌ಬರೊ. ಆತ 1911ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿ ಬಂದ. ಮೊದಲ ಮಹಾಯುದ್ಧದಿಂದ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಾಗ, ಆತ ಮತ್ತು ಸಹೋದ್ಯೋಗಿ ವಾಟ್ಸನ್ ಸಂಸ್ಥೆಯಲ್ಲಿ ಎಣ್ಣೆ ತೆಗೆದು ತೋರಿಸಿದ್ದರಿಂದ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಎದ್ದಿತು. ಆ ಎಣ್ಣೆಯ ದರ್ಜೆಯನ್ನು ಗೊತ್ತುಮಾಡುವುದೂ ಒಂದು ಕ್ರಿಯಾಗುಂಪೇ. ಅಸಿಟಿಕ್ ಅನ್‌ಹೈಡ್ರೈಡ್ ಜೊತೆ ಕಾಯಿಸಿ ಸ್ಯಾಂಟಲಾಲ್‌ನ ಹೈಡ್ರಾಕ್ಸಿಲ್ ಲೆಕ್ಕ ಹಾಕಿದಾಗ ಶೇ. 90ಕ್ಕೆ ಕಡಿಮೆ ಬರಬಾರದು.

ಗುಂಪುಗಳನ್ನು ಮುಟ್ಟದೆ ಗುರುತಿಸುವ ದಾರಿಯನ್ನು ಬೆಳಕು ತೆರೆಯಿತು. 1905ರಲ್ಲಿ ಅಮೆರಿಕದ ಕೊಬ್ಲೆಂಟ್ಜ್ ಪ್ರಕಟಿಸಿದ ಇನ್‌ಫ್ರಾರೆಡ್ ರೋಹಿತಗಳು ಒಂದೊಂದು ಗುಂಪಿಗೂ ಅದರದೇ ಜಾಗವಿದೆ ಎಂದು ಸೂಚಿಸಿದವು. 1928ರ ಮಾರ್ಚ್ 16ರಂದು ರಾಮನ್ ತಮ್ಮ ಹೊಸ ವಿಕಿರಣದ ಬಗ್ಗೆ ಉಪನ್ಯಾಸ ಕೊಟ್ಟದ್ದು ಬೆಂಗಳೂರಿನಲ್ಲೇ. ಇನ್‌ಫ್ರಾರೆಡ್‌ನಲ್ಲಿ ಮಂಕಾಗುವ ಜೋಡಿಬಂಧ ರಾಮನ್ ರೋಹಿತದಲ್ಲಿ ಎದ್ದು ಕಾಣುತ್ತದೆ. 1951ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆರ್ನಾಲ್ಡ್, ಪ್ಯಾಕಾರ್ಡ್ ಜೊತೆ ಎಸ್. ಎಸ್. ಧರ್ಮಟ್ಟಿ ಸಾಮಾನ್ಯ ಆಲ್ಕೊಹಾಲ್ ಅನ್ನು ಕಾಂತಕ್ಷೇತ್ರದಲ್ಲಿಟ್ಟು ಮೂರು ಶಿಖರಗಳನ್ನು ಕಂಡರು: ಮೀಥೈಲ್, ಮೀಥಿಲೀನ್, ಹೈಡ್ರಾಕ್ಸಿಲ್, 3:2:1ರ ಪ್ರಮಾಣದಲ್ಲಿ. ಧರ್ಮಟ್ಟಿ ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ಕಾಂತೀಯ ಅನುರಣನದ ವಿದ್ಯೆ ಕಟ್ಟಿದರು. ಕಾಲೇಜು ಪುಸ್ತಕಗಳಲ್ಲಿ ಆ ಚಿತ್ರ ಇದೆ, ಅವರ ಹೆಸರು ಅಪರೂಪ.

ಈಗ ಕೊಬ್ಬರಿ ಎಣ್ಣೆಯ ಒಂದು ಹನಿ ಇನ್‌ಫ್ರಾರೆಡ್ ಯಂತ್ರದಲ್ಲಿ ತರಂಗಸಂಖ್ಯೆ 1740ರ ಹತ್ತಿರ ಎಸ್ಟರ್‌ನ ಗೆರೆಯನ್ನು ಕ್ಷಣದಲ್ಲಿ ತೋರಿಸುತ್ತದೆ. ಬಿಡುಗಡೆಯಾದ ಆಮ್ಲ ಸಾಕಷ್ಟಿದ್ದರೆ 1710ರ ಬಳಿ ಇನ್ನೊಂದು ಗೆರೆ. ಎಣ್ಣೆಗೆ ಲಿಕ್ವಿಡ್ ಪ್ಯಾರಫಿನ್ ಬೆರೆಸಿದರೆ ಹಿಡಿಯಲು ಯಂತ್ರವೂ ಬೇಡ. ಪ್ಯಾರಫಿನ್‌ಗೆ ಎಸ್ಟರ್ ಗುಂಪಿಲ್ಲ, ಕ್ಷಾರದಲ್ಲಿ ಕಾಯಿಸಿದರೂ ಸೋಪಾಗದು, ಬಿಸಿನೀರು ಹಾಕಿದೊಡನೆ ದ್ರಾವಣ ಮಸುಕಾಗುತ್ತದೆ. ಕಷ್ಟ ಬರುವುದು ತಾಳೆಬೀಜದ ಎಣ್ಣೆ ಬೆರೆಸಿದಾಗ. ಅದರಲ್ಲೂ ಅವೇ ಎಸ್ಟರ್‌ಗಳು, ಅದೇ ಲಾರಿಕ್ ಆಮ್ಲವೇ ಮೇಲುಗೈ. ಅಯೋಡಿನ್ ಸಂಖ್ಯೆ ಸ್ವಲ್ಪ ಏರುತ್ತದೆ, ಅಷ್ಟೆ. ಬೆರಕೆ ಕಡಿಮೆಯಿದ್ದರೆ ಅದೂ ಗೊತ್ತಾಗದು. ಆಗ ಗುಂಪುಗಳನ್ನು ಬಿಟ್ಟು ಸರಪಳಿಗಳ ಉದ್ದಕ್ಕೇ ಕೈಹಾಕಬೇಕು. ಆಮ್ಲಗಳನ್ನು ಮೀಥೈಲ್ ಎಸ್ಟರ್ ಮಾಡಿ, ಗ್ಯಾಸ್ ಕ್ರೊಮ್ಯಾಟೊಗ್ರಾಫಿನಲ್ಲಿ ಒಂದೊಂದನ್ನೂ ಬೇರೆ ಮಾಡಿ, ಎಂಟು ಮತ್ತು ಹತ್ತು ಕಾರ್ಬನ್ನಿನವು ಎಷ್ಟು ಕಡಿಮೆಯಾಗಿವೆ, ಹದಿನೆಂಟರದು ಎಷ್ಟು ಹೆಚ್ಚಿದೆ ಎಂದು ನೋಡುತ್ತಾರೆ.